ಡಿಕನ್ಸ್‌ಗೆ ಹಡಗಿನಲ್ಲಿ ಸಿಕ್ಕ ಆ ಚಾಕ್ಟಾ ಮುಖಂಡ ಯಾರು?

ಓದುಗರೊಬ್ಬರ ಪ್ರಶ್ನೆ: ಚಾರ್ಲ್ಸ್ ಡಿಕನ್ಸ್ ತನ್ನ ಅಮೆರಿಕ ಪ್ರವಾಸದ ಬಗ್ಗೆ ಬರೆದ ಪುಸ್ತಕದಲ್ಲಿ ಪಿಚ್ಲಿನ್ ಅನ್ನೋ ಚಾಕ್ಟಾ ಮುಖಂಡ ಸ್ವಲ್ಪ ಹೊತ್ತು ಬಂದು ಹೋಗುತ್ತಾನೆ. ಈತ ಯಾರು? ಆಮೇಲೆ ಏನಾದ? ತನ್ನ ಜನಕ್ಕಾಗಿ ಜೀವ ತೇಯ್ದವನು ಅಂತ ಒಂದು ಕಡೆ ಓದಿದೆ, ಗುಲಾಮರನ್ನು ಇಟ್ಟುಕೊಂಡಿದ್ದ ಶ್ರೀಮಂತ ಅಂತ ಇನ್ನೊಂದು ಕಡೆ ಓದಿದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬೇಕು. (ಚಾಕ್ಟಾ ಎಂದರೆ ಅಮೆರಿಕದ ಮೂಲನಿವಾಸಿಗಳ ಒಂದು ಜನಾಂಗ. ಆ ಮೂಲನಿವಾಸಿಗಳನ್ನೇ ಆಗ ಇಂಡಿಯನ್ನರು ಎನ್ನುತ್ತಿದ್ದರು.) ಪೀಟರ್ ಪಿಚ್ಲಿನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದನ್ನು ಹೇಳಿ ಇನ್ನೊಂದನ್ನು ಬಿಡುತ್ತಾರೆ. ಆದರೆ ಇವೆರಡಕ್ಕಿಂತ ಮುಖ್ಯವಾದ ಮೂರನೆಯದೊಂದು ಇದೆ, ಅದನ್ನು ಹೇಳುವವರು ಇನ್ನೂ ಕಡಿಮೆ. ಈತ ತನ್ನ ಬದುಕಿನ ಕೊನೆಯ 28 ವರ್ಷ ಒಂದೇ ಒಂದು ಲೆಕ್ಕ ಕೇಳುವುದರಲ್ಲಿ ಕಳೆದ. "ನಮ್ಮ ಭೂಮಿ ಮಾರಿದಿರಲ್ಲ, ಬಂದ ದುಡ್ಡು ಎಲ್ಲಿ?" ಎನ್ನುವ ಲೆಕ್ಕ. ಕೇಳಿದ್ದು ಅಮೆರಿಕದ ಸರ್ಕಾರವನ್ನು. ಉತ್ತರ ಬರುವಷ್ಟರಲ್ಲಿ ಸತ್ತೇ ಹೋಗಿದ್ದ. ನನಗೆ ಈ ಮನುಷ್ಯನ ಕಥೆ ಹಿಡಿಸಿದ್ದು ಅದಕ್ಕೇ.

ನೀವು ಓದಿದ ಭೇಟಿಯಿಂದಲೇ ಶುರು ಮಾಡೋಣ. 1842ರ ಏಪ್ರಿಲ್. ಡಿಕನ್ಸ್ ಸಿನ್ಸಿನಾಟಿಯಿಂದ ಲೂಯಿವಿಲ್‌ಗೆ ಓಹಾಯೋ ನದಿಯ ಮೇಲೆ ಉಗಿಹಡಗಿನಲ್ಲಿ ಹೋಗುತ್ತಿದ್ದ. ಅದೇ ಹಡಗಿನಲ್ಲಿದ್ದ ಪಿಚ್ಲಿನ್ ತನ್ನ ವಿಸಿಟಿಂಗ್ ಕಾರ್ಡ್ ಕಳಿಸಿದ. ಗರಿ, ಬಿಲ್ಲು, ಬಾಣ ಏನೂ ಇಲ್ಲ, ಎಲ್ಲರಂತೆ ಕೋಟು ಹಾಕಿಕೊಂಡಿದ್ದ, ಒಳ್ಳೆಯ ಇಂಗ್ಲಿಷ್ ಮಾತಾಡುತ್ತಿದ್ದ, ವಾಲ್ಟರ್ ಸ್ಕಾಟ್‌ನ ಕಾವ್ಯ ಓದಿಕೊಂಡಿದ್ದ. ಸ್ಕಾಟ್ ಬರೆದ ಯುದ್ಧದ ಭಾಗಗಳು ಅವನಿಗೆ ತುಂಬ ಇಷ್ಟವಂತೆ. ತನ್ನ ಜನರ ಕೆಲಸಕ್ಕೆ ವಾಷಿಂಗ್ಟನ್‌ನಲ್ಲಿ ಹೆಚ್ಚಾಗಿ ಉಳಿದಿದ್ದು, ಊರು ಬಿಟ್ಟ 17 ತಿಂಗಳ ಮೇಲೆ ವಾಪಸ್ ಹೊರಟಿದ್ದೇನೆ, ಕೆಲಸ ಇನ್ನೂ ಮುಗಿದಿಲ್ಲ, ಮುಗಿಯುವ ನಂಬಿಕೆಯೂ ಇಲ್ಲ ಎಂದು ಡಿಕನ್ಸ್‌ಗೆ ಹೇಳಿದ. ವ್ಯವಹಾರದಲ್ಲಿ ಪಳಗಿದ ಬಿಳಿಯರ ಮುಂದೆ ನಾವು ನಾಲ್ಕು ಜನ ಬಡ ಇಂಡಿಯನ್ನರು ಏನು ಮಾಡಿಯೇವು ಎಂದ. ಊರು ಪಟ್ಟಣ ಸಾಕಾಗಿದೆ, ಕಾಡು ಬಯಲು ನೆನಪಾಗುತ್ತಿದೆ ಎಂದೂ ಹೇಳಿದ. ಡಿಕನ್ಸ್ ಮನಸೋತು ಬರೆದಿದ್ದಾನೆ. ಪಿಚ್ಲಿನ್ ಆಮೇಲೆ ತನ್ನ ಚಿತ್ರವನ್ನೂ ಕಳಿಸಿಕೊಟ್ಟ.

ಆದರೆ ಡಿಕನ್ಸ್ ಎರಡು ಕಡೆ ಎಡವಿದ್ದಾನೆ. ಒಂದು, ಆತ ಪಿಚ್ಲಿನ್‌ನನ್ನು ಪಂಗಡದ ಮುಖ್ಯಸ್ಥ ಎಂದುಕೊಂಡ. ಪಿಚ್ಲಿನ್ ಇಡೀ ಚಾಕ್ಟಾ ರಾಷ್ಟ್ರದ ಮುಖ್ಯಸ್ಥನಾದದ್ದು ಅದಾಗಿ 22 ವರ್ಷಕ್ಕೆ, 1864ರಲ್ಲಿ. ಎರಡನೆಯದು ಇನ್ನೂ ದೊಡ್ಡದು. ಚಾಕ್ಟಾ ಜನ ಈಗ 20,000 ಮಾತ್ರ, ದಿನದಿನಕ್ಕೂ ಕಡಿಮೆಯಾಗುತ್ತಿದ್ದಾರೆ ಎಂದು ಕೇಳಿಕೊಂಡು, ಅಳಿದು ಹೋಗುತ್ತಿರುವ ಜನಾಂಗದ ಕೊನೆಯ ಸಜ್ಜನನನ್ನು ಕಂಡೆ ಎನ್ನುವ ದನಿಯಲ್ಲಿ ಬರೆದ. ಇವತ್ತು ಒಕ್ಲಹೋಮಾದ ಚಾಕ್ಟಾ ರಾಷ್ಟ್ರದಲ್ಲೇ 2 ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದಾರೆ. ಅವರು ಅಳಿಯಲಿಲ್ಲ. ಯಾಕೆ ಅಳಿಯಲಿಲ್ಲ ಎನ್ನುವುದರಲ್ಲಿ ಪಿಚ್ಲಿನ್‌ನಂಥವರ ಪಾಲು ಇದೆ.

ಈಗ ಹುಟ್ಟಿನ ವಿಷಯಕ್ಕೆ ಬರುತ್ತೇನೆ. 1806ರ ಜನವರಿ 30ರಂದು ಇವತ್ತಿನ ಮಿಸಿಸಿಪ್ಪಿ ರಾಜ್ಯದ ನಾಕ್ಸುಬಿ ಕೌಂಟಿಯ ಕಡೆ ಹುಟ್ಟಿದ. ಆಗ ಅದು ಚಾಕ್ಟಾ ನೆಲ. ಅಪ್ಪ ಜಾನ್ ಪಿಚ್ಲಿನ್ ಬಿಳಿಯ. ಬ್ರಿಟಿಷ್ ವ್ಯಾಪಾರಿಯೊಬ್ಬನ ಮಗ, ಚಿಕ್ಕಂದಿನಿಂದ ಚಾಕ್ಟಾ ಜನರ ನಡುವೆಯೇ ಬೆಳೆದು ಅಮೆರಿಕ ಸರ್ಕಾರದ ದುಭಾಷಿಯಾದವನು. ಅಮ್ಮ ಸೋಫಿಯಾ ಫೋಲ್ಸಮ್, ಚಾಕ್ಟಾ ತಾಯಿಯ ಮಗಳು. ಕ್ಯಾಟ್ಲಿನ್ ಎನ್ನುವ ಚಿತ್ರಕಾರ 1834ರಲ್ಲಿ ಪಿಚ್ಲಿನ್‌ನ ಚಿತ್ರ ಬರೆದು "ಮಿಶ್ರ ರಕ್ತದವನು" ಎಂದು ಅಡಿಬರಹ ಹಾಕಿದ. ಇದು ಬಿಳಿಯರ ಲೆಕ್ಕ. ಚಾಕ್ಟಾ ಲೆಕ್ಕವೇ ಬೇರೆ. ಅವರಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ. ತಾಯಿ ಚಾಕ್ಟಾ ಆದರೆ ಮಗ ಚಾಕ್ಟಾ, ಅಷ್ಟೇ, ಅರ್ಧ ಕಾಲು ಅಂತ ಇಲ್ಲ. ಮಾತೃಮೂಲದ ಮನೆತನಗಳ ಬಗ್ಗೆ ಗೊತ್ತಿರುವ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವನ ಚಾಕ್ಟಾ ಹೆಸರು ಹಾಚೋಟಕ್ನಿ. ಕಚ್ಚಿದರೆ ಬಿಡದ ಒಂದು ಜಾತಿಯ ಆಮೆ ಇದೆಯಲ್ಲ, ಅದರ ಹೆಸರು.

ಓದಿದ್ದು ಟೆನೆಸಿ ರಾಜ್ಯದ ಶಾಲೆಯಲ್ಲಿ, ಆಮೇಲೆ ಅದೇ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಚಿಕ್ಕ ಹುಡುಗನಾಗಿದ್ದಾಗ ಒಂದು ಒಪ್ಪಂದದ ನಂತರ, ಮುಂದೆ ಅಮೆರಿಕದ ಅಧ್ಯಕ್ಷನಾದ ಆಂಡ್ರ್ಯೂ ಜಾಕ್ಸನ್ ಕೈ ಚಾಚಿದರೆ ಈತ ಕೈ ಕುಲುಕಲು ಒಪ್ಪಲಿಲ್ಲ ಎಂಬ ಕಥೆಯನ್ನು ಅವನ ಕಾಲದವರು ಬರೆದಿದ್ದಾರೆ. ಕಥೆ ಎಂದೇ ಇಟ್ಟುಕೊಳ್ಳಿ. ಆದರೆ 1820ರ ಡೋಕ್ಸ್ ಸ್ಟ್ಯಾಂಡ್ ಒಪ್ಪಂದದಲ್ಲಿ ಜಾಕ್ಸನ್ ಚಾಕ್ಟಾ ಜನರಿಂದ ದೊಡ್ಡ ಭೂಮಿ ಬರೆಸಿಕೊಂಡದ್ದು ಕಥೆಯಲ್ಲ. ಅದೇ ಒಪ್ಪಂದದಿಂದ ಚಾಕ್ಟಾ ಜನರಿಗೆ ಲೈಟ್‌ಹಾರ್ಸ್ ಎಂಬ ಕುದುರೆ ಸವಾರರ ಪೊಲೀಸ್ ಪಡೆ ಬಂತು. ಪಿಚ್ಲಿನ್ 20 ದಾಟುವ ಮೊದಲೇ ಅದರ ಒಂದು ತಂಡದ ಮುಖ್ಯಸ್ಥನಾದ. ಕೆಲಸ ಮುಖ್ಯವಾಗಿ ಹೆಂಡ ಮಾರುವವರನ್ನು ಹಿಡಿಯುವುದು. ಭೂಮಿ ಬರೆಸಿಕೊಳ್ಳಲು ಬರುವವರು ಮೊದಲು ತರುತ್ತಿದ್ದದ್ದು ಹೆಂಡದ ಪೀಪಾಯಿ, ಹಾಗಾಗಿ ಇದು ಬರೀ ಶಿಸ್ತಿನ ಕೆಲಸ ಆಗಿರಲಿಲ್ಲ, ಭೂಮಿ ಕಾಯುವ ಕೆಲಸವೂ ಆಗಿತ್ತು.

ಈಗ 1830ಕ್ಕೆ ಬರಬೇಕು, ಯಾಕೆಂದರೆ ಉಳಿದ 50 ವರ್ಷ ಅವನ ಬೆನ್ನು ಹತ್ತಿದ್ದು ಆ ಒಂದು ವರ್ಷ. ಜನವರಿಯಲ್ಲಿ ಮಿಸಿಸಿಪ್ಪಿ ರಾಜ್ಯ ಒಂದು ಕಾನೂನು ಮಾಡಿತು: ಇನ್ನು ಮುಂದೆ ಚಾಕ್ಟಾ ಸರ್ಕಾರ ಇಲ್ಲ, ಯಾರಾದರೂ ಮುಖ್ಯಸ್ಥನ ಕೆಲಸ ಮಾಡಿದರೆ 1,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಮೇ ತಿಂಗಳಲ್ಲಿ ಅಧ್ಯಕ್ಷ ಜಾಕ್ಸನ್ ಇಂಡಿಯನ್ನರನ್ನು ಸ್ಥಳಾಂತರಿಸುವ ಕಾಯ್ದೆಗೆ ಸಹಿ ಹಾಕಿದ. ಸೆಪ್ಟೆಂಬರ್‌ನಲ್ಲಿ ಡ್ಯಾನ್ಸಿಂಗ್ ರ್‍ಯಾಬಿಟ್ ಕ್ರೀಕ್ ಎಂಬ ಹಳ್ಳದ ಪಕ್ಕ ಮಾತುಕತೆಗೆ ಸೇರಿಸಿದರು. ಸಾವಿರಾರು ಜನ ಬಂದರು. ಪಾದ್ರಿಗಳಿಗೆ ಆ ಜಾಗಕ್ಕೆ ಪ್ರವೇಶ ಇರಲಿಲ್ಲ, ಜೂಜಿನವರಿಗೆ, ಹೆಂಡದವರಿಗೆ ಇತ್ತು. ಸಭೆಯ ನಡುವೆ ಏಳು ಹಿರಿಯ ಹೆಂಗಸರು ಕೂತಿದ್ದರು. ಭೂಮಿ ಬಿಡಬಾರದು ಎಂದು ಅವರು ಪಟ್ಟು ಹಿಡಿದರು. ಮೊದಲು ಸಭೆ ಆಗುವುದಿಲ್ಲ ಎಂದೇ ಹೇಳಿತು. ಕೆಲಸ ಮುಗಿಯಿತು ಅಂದುಕೊಂಡು ತುಂಬ ಜನ ಊರಿಗೆ ಹೊರಟುಹೋದರು. ಉಳಿದ ಮುಖಂಡರನ್ನು ಕೂರಿಸಿಕೊಂಡು, ಹೆದರಿಸಿ, ಆಸೆ ತೋರಿಸಿ, 27ನೇ ತಾರೀಕು ಸಹಿ ಹಾಕಿಸಿಕೊಂಡರು. ಸುಮಾರು 1 ಕೋಟಿ 10 ಲಕ್ಷ ಎಕರೆ ಹೋಯಿತು.

ಪಿಚ್ಲಿನ್ ಆ ಮಾತುಕತೆಯಲ್ಲಿದ್ದ. ಒಪ್ಪಂದ ಹಲವು ಮುಖಂಡರಿಗೆ, ಅವರ ನೆಂಟರಿಗೆ ಹೆಸರು ಹಿಡಿದು ಭೂಮಿ ಕೊಟ್ಟಿತು. ಪಿಚ್ಲಿನ್ ಮನೆತನದ ಹೆಸರೂ ಅದರಲ್ಲಿ ಇದೆ. ಇದನ್ನು ಮುಚ್ಚಿಡಬಾರದು.

ಆ ಒಪ್ಪಂದದ 14ನೇ ಕಲಮು ನನಗೆ ಬಾಯಿಪಾಠ ಆಗಿಬಿಟ್ಟಿದೆ. ಮಿಸಿಸಿಪ್ಪಿಯಲ್ಲೇ ಉಳಿಯುತ್ತೇನೆ ಎನ್ನುವ ಮನೆಯ ಯಜಮಾನ ಆರು ತಿಂಗಳೊಳಗೆ ಸರ್ಕಾರದ ಏಜೆಂಟ್ ಹತ್ತಿರ ಹೆಸರು ಬರೆಸಬೇಕು. ಹಾಗೆ ಬರೆಸಿದವನಿಗೆ 640 ಎಕರೆ, 10 ವರ್ಷ ದಾಟಿದ ಪ್ರತಿ ಮಗುವಿಗೆ 320, ಅದಕ್ಕಿಂತ ಚಿಕ್ಕ ಮಗುವಿಗೆ 160. ಕಾಗದದ ಮೇಲೆ ಒಳ್ಳೆಯ ಮಾತು, ಅಲ್ವಾ? ಏಜೆಂಟ್ ಆಗಿದ್ದವನು ವಿಲಿಯಂ ವಾರ್ಡ್. ಜನ ದೂರದಿಂದ ನಡೆದು ಬಂದರು. ಓದು ಬರಹ ಬಾರದವರು ಮನೆಯಲ್ಲಿ ಎಷ್ಟು ಜನ, ಮಕ್ಕಳು ಎಷ್ಟು ಎಂದು ತೋರಿಸಲು ಕಡ್ಡಿಗಳ ಕಟ್ಟು ತಂದಿದ್ದರು. ವಾರ್ಡ್ ಆ ಕಡ್ಡಿಗಳನ್ನು ಎಸೆದ ಎಂದು ಮುಂದೆ ವಿಚಾರಣೆಗಳಲ್ಲಿ ಸಾಕ್ಷಿಗಳು ಹೇಳಿದರು. ಕುಡಿದಿರುತ್ತಿದ್ದ, ಸಿಗುತ್ತಿರಲಿಲ್ಲ, ಪುಸ್ತಕ ಕಳೆದಿದೆ ಎನ್ನುತ್ತಿದ್ದ. ಸಾವಿರಾರು ಜನ ಉಳಿದರೂ ಅವನ ಪಟ್ಟಿಯಲ್ಲಿ ಸೇರಿದ್ದು 69 ಮನೆಯವರು ಮಾತ್ರ. ಉಳಿದವರ ಹೊಲ ಮನೆ ಎಲ್ಲಾ ಹರಾಜಿಗೆ ಹೋಯಿತು. ಪಿಚ್ಲಿನ್ ಮುಂದೆ ವಾಷಿಂಗ್ಟನ್‌ನಲ್ಲಿ ಹಿಡಿದು ಕೂತದ್ದು ಈ ಎಸೆದ ಕಡ್ಡಿಗಳ ಲೆಕ್ಕವನ್ನೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ಥಳಾಂತರ 1831ರ ಕೊನೆಗೆ ಶುರುವಾಯಿತು. ಆ ಕಾಯ್ದೆಯ ಅಡಿಯಲ್ಲಿ ಮೊದಲು ಹೊರಟವರು ಚಾಕ್ಟಾ ಜನ. ಚಳಿ ಎಂದರೆ ಅಂಥಾ ಚಳಿ, ನದಿಯಲ್ಲಿ ಮಂಜುಗಡ್ಡೆ ತೇಲುತ್ತಿತ್ತು. ಫ್ರೆಂಚ್ ಲೇಖಕ ಟಾಕ್ವಿಲ್ ಆಗ ಮೆಂಫಿಸ್‌ನಲ್ಲಿದ್ದ. ಮುದುಕರು, ರೋಗಿಗಳು, ಆಗ ತಾನೆ ಹುಟ್ಟಿದ ಕೂಸುಗಳು, ಎಲ್ಲರೂ ಒಂದು ಮಾತಿಲ್ಲದೆ ಹಡಗು ಹತ್ತಿದರು ಎಂದು ಬರೆದಿದ್ದಾನೆ. ಯಜಮಾನರು ತಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ ಎಂದು ಗೊತ್ತಾದ ನಾಯಿಗಳು ಊಳಿಟ್ಟು, ಆ ತಣ್ಣನೆಯ ನೀರಿಗೆ ಹಾರಿ, ಹಡಗಿನ ಹಿಂದೆ ಈಜಿದವು ಎಂಬ ಸಾಲನ್ನು ಓದಿದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. 1831ರಿಂದ 1833ರವರೆಗೆ 12,000ಕ್ಕೂ ಹೆಚ್ಚು ಜನ ಹೋದರು. ಸುಮಾರು 2,500 ಜನ ಸತ್ತರು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಪಿಚ್ಲಿನ್ ಕೂಡ ಒಂದು ತಂಡವನ್ನು ಕರೆದುಕೊಂಡು ಪಶ್ಚಿಮಕ್ಕೆ ಹೋದ. ಹಿಂದೆ 1828ರಲ್ಲೇ ಆತ ಆ ಕಡೆಯ ನೆಲ ನೋಡಿ ಬರಲು ಹೋದ ತಂಡದಲ್ಲಿದ್ದ, ಹಾಗಾಗಿ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕಣ್ಣಾರೆ ಕಂಡಿದ್ದ ಕೆಲವೇ ಜನರಲ್ಲಿ ಅವನೊಬ್ಬ.

ಒಂದು ಹೋಲಿಕೆ ಹೇಳುತ್ತೇನೆ. ಗ್ರೀನ್‌ವುಡ್ ಲೆಫ್ಲೋರ್ ಎಂಬ ಇನ್ನೊಬ್ಬ ದೊಡ್ಡ ಮುಖಂಡ ಒಪ್ಪಂದಕ್ಕೆ ಸಹಿ ಹಾಕಿದ, ಜನರನ್ನು ಕಳಿಸಿದ, ತಾನು ಮಾತ್ರ ಮಿಸಿಸಿಪ್ಪಿಯಲ್ಲೇ ಉಳಿದು ದೊಡ್ಡ ಬಂಗಲೆ ಕಟ್ಟಿಸಿಕೊಂಡು ರಾಜ್ಯದ ಸೆನೆಟರ್ ಆದ. ಪಿಚ್ಲಿನ್ ಹಾಗೆ ಉಳಿಯಲಿಲ್ಲ. ಜನರ ಜೊತೆ ಹೋದ.

ಹೊಸ ನೆಲದಲ್ಲಿ, ಅಂದರೆ ಇವತ್ತಿನ ಒಕ್ಲಹೋಮಾದ ಆಗ್ನೇಯ ಮೂಲೆಯಲ್ಲಿ, ಈಗಲ್‌ಟೌನ್ ಹತ್ತಿರ ಮನೆ ಮಾಡಿದ. ಚಾಕ್ಟಾ ಜನ ಬಂದು ಎರಡು ಮೂರು ವರ್ಷದಲ್ಲೇ, 1834ರಲ್ಲಿ, ತಮ್ಮ ಸಂವಿಧಾನ ಬರೆದುಕೊಂಡರು. ಒಕ್ಲಹೋಮಾದ ನೆಲದಲ್ಲಿ ಬರೆದ ಮೊದಲ ಸಂವಿಧಾನ ಅದು. ಪಿಚ್ಲಿನ್ ಆ ಕೆಲಸದಲ್ಲಿದ್ದ. ಆದರೆ ಈ ಅವಧಿಯಲ್ಲಿ ಅವನು ಮಾಡಿದ ಅತಿ ಒಳ್ಳೆಯ ಕೆಲಸ ಶಾಲೆಗಳದ್ದು. ಕೆಂಟಕಿಯಲ್ಲಿ ಚಾಕ್ಟಾ ಅಕಾಡೆಮಿ ಎಂಬ ಶಾಲೆ 1825ರಿಂದ ನಡೆಯುತ್ತಿತ್ತು. ಹೆಸರು ಚಾಕ್ಟಾ, ದುಡ್ಡು ಚಾಕ್ಟಾ ಭೂಮಿ ಮಾರಿ ಬಂದದ್ದು, ಜಾಗ ಮಾತ್ರ ರಿಚರ್ಡ್ ಜಾನ್ಸನ್ ಎಂಬ ರಾಜಕಾರಣಿಯ ಜಮೀನು. ಈತ ಮುಂದೆ ದೇಶದ ಉಪಾಧ್ಯಕ್ಷನಾದ. ನಮ್ಮ ದುಡ್ಡಿನಲ್ಲಿ ಯಾರದೋ ಊರಲ್ಲಿ ಯಾಕೆ ಶಾಲೆ ಎಂದು ಪಿಚ್ಲಿನ್ ಕೇಳಿದ. ಆತ ಸ್ವಲ್ಪ ಕಾಲ ಅಲ್ಲೇ ವಿದ್ಯಾರ್ಥಿಯಾಗಿದ್ದವನು, ಹಾಗಾಗಿ ಒಳಗಿನ ಸ್ಥಿತಿ ಗೊತ್ತಿತ್ತು. 1841ರಲ್ಲಿ ಅದರ ಮೇಲ್ವಿಚಾರಕನಾಗಿ ಹೋದದ್ದೇ ಅದನ್ನು ಮುಚ್ಚಿಸಿ ದುಡ್ಡನ್ನು ಊರಿಗೆ ತರಲು. 1842ರಲ್ಲಿ ಚಾಕ್ಟಾ ಕೌನ್ಸಿಲ್ ತನ್ನದೇ ಶಾಲಾ ವ್ಯವಸ್ಥೆಗೆ ಕಾನೂನು ಮಾಡಿತು, 1844ರಲ್ಲಿ ಸ್ಪೆನ್ಸರ್ ಅಕಾಡೆಮಿ ಶುರುವಾಯಿತು, ಹುಡುಗಿಯರಿಗೂ ವಸತಿ ಶಾಲೆಗಳು ಬಂದವು. ಬೇರು ಕಿತ್ತು ಬಂದು ಹತ್ತು ಹದಿಮೂರು ವರ್ಷದಲ್ಲಿ ಇಷ್ಟು! ಡಿಕನ್ಸ್ "ಅಳಿಯುತ್ತಿರುವ ಜನ" ಎಂದು ಬರೆದದ್ದು ಇದೇ ವರ್ಷಗಳಲ್ಲಿ.

ಇನ್ನು ಗುಲಾಮರ ವಿಷಯ. ಹೌದು, ಇಟ್ಟುಕೊಂಡಿದ್ದ. ಈಗಲ್‌ಟೌನ್ ಕಡೆಯ ಅವನ ಹತ್ತಿಯ ಹೊಲಗಳಲ್ಲಿ ದುಡಿದವರು ಹತ್ತಾರು ಕಪ್ಪು ಗುಲಾಮರು. ಚಾಕ್ಟಾ ಜನರಲ್ಲಿ ಎಲ್ಲರೂ ಹೀಗಿರಲಿಲ್ಲ, ಬಹಳ ಮಂದಿಗೆ ಸಣ್ಣ ಜೋಳದ ಹೊಲ, ನಾಲ್ಕು ದನ, ಅಷ್ಟೇ. ಗುಲಾಮರಿದ್ದದ್ದು ಪಿಚ್ಲಿನ್, ಫೋಲ್ಸಮ್‌ನಂಥ ಸಿರಿವಂತ ಮನೆತನಗಳಲ್ಲಿ. ಆ ಕಾಲವೇ ಹಾಗಿತ್ತು ಎಂದು ಕೆಲವರು ತೇಲಿಸಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತನ್ನ ಜನರನ್ನು ಮನೆಯಿಂದ ಎಬ್ಬಿಸಿ ಓಡಿಸಿದ್ದು ಅನ್ಯಾಯ ಎಂದು ಅಷ್ಟು ಚೆನ್ನಾಗಿ ವಾದಿಸಬಲ್ಲವನಿಗೆ, ತನ್ನ ಹೊಲದಲ್ಲಿ ನಿಂತಿದ್ದವರ ಅನ್ಯಾಯ ಕಾಣದೆ ಇರಲು ಸಾಧ್ಯವಿರಲಿಲ್ಲ. ಇನ್ನೊಂದು ಮಾತು. ಸ್ಥಳಾಂತರದ ಕಷ್ಟದ ದಾರಿಯಲ್ಲಿ ಆ ಗುಲಾಮರೂ ನಡೆದರು, ಅವರೂ ಸತ್ತರು. ಅವರ ಹೆಸರಿಗೆ ಯಾವ ಕಲಮೂ ಇರಲಿಲ್ಲ.

ಈಗ ಆ ಲೆಕ್ಕ.

1853ರಲ್ಲಿ ಚಾಕ್ಟಾ ಕೌನ್ಸಿಲ್ ನಾಲ್ವರು ಪ್ರತಿನಿಧಿಗಳನ್ನು ವಾಷಿಂಗ್ಟನ್‌ಗೆ ಕಳಿಸಿತು. ಪಿಚ್ಲಿನ್ ಅವರ ಮುಂದಾಳು. ಅವರ ವಾದ ಸರಳ. 1830ರಲ್ಲಿ ನಾವು ಭೂಮಿ ಕೊಟ್ಟದ್ದು ನಮ್ಮ ಜನ ನೆಲೆಸಲಿ ಎಂದು, ನಿಮ್ಮ ಬೊಕ್ಕಸ ತುಂಬಲಿ ಎಂದು ಅಲ್ಲ. ನೀವು ಆ ಭೂಮಿ ಮಾರಿದ್ದೀರಿ. 14ನೇ ಕಲಮಿನ ಪ್ರಕಾರ ನಮ್ಮ ಮನೆಗಳಿಗೆ ಕೊಡಬೇಕಾದದ್ದನ್ನೂ ಮಾರಿದ್ದೀರಿ. ಸರ್ವೆ ಖರ್ಚು, ಸ್ಥಳಾಂತರದ ಖರ್ಚು, ಕೊಟ್ಟದ್ದು ಎಲ್ಲ ಕಳೆಯಿರಿ, ಉಳಿದದ್ದು ನಮ್ಮದು. ಈ ನಿವ್ವಳ ಮೊತ್ತಕ್ಕೇ "ನೆಟ್ ಪ್ರೊಸೀಡ್ಸ್" ಎಂದು ಹೆಸರು, ಚಾಕ್ಟಾ ಚರಿತ್ರೆಯಲ್ಲಿ ಆ ಪದ ಬಾರದ ಪುಸ್ತಕ ಅಪರೂಪ. 1855ರ ಒಪ್ಪಂದದಲ್ಲಿ ಒಂದು ಸಾಲು ಸೇರಿಸುವುದರಲ್ಲಿ ಪಿಚ್ಲಿನ್ ಗೆದ್ದ: ಈ ಹಣ ಚಾಕ್ಟಾ ಜನರಿಗೆ ಸೇರಬೇಕೋ ಬೇಡವೋ ಎಂದು ಅಮೆರಿಕದ ಸೆನೆಟ್, ಅಂದರೆ ಸಂಸತ್ತಿನ ಮೇಲ್ಮನೆ, ತೀರ್ಮಾನಿಸಲಿ, ಅದರ ತೀರ್ಮಾನವೇ ಕೊನೆ. ತನ್ನದೇ ವಿರುದ್ಧದ ಕೇಸಿನಲ್ಲಿ ಸೆನೆಟ್ಟೇ ಪಂಚಾಯ್ತಿದಾರ! ನನಗೆ ಇದು ಅವನ ಬದುಕಿನ ಅತಿ ದೊಡ್ಡ ಜಾಣ್ಮೆ ಅನ್ನಿಸುತ್ತದೆ. ಯಾಕೆಂದರೆ ಒಮ್ಮೆ ತೀರ್ಪು ಕೊಟ್ಟ ಮೇಲೆ ಸೆನೆಟ್ ಅದನ್ನು ನುಂಗಿಕೊಳ್ಳಲು ಆಗುವುದಿಲ್ಲ, ಕಾಗದ ಇರುತ್ತದೆ.

1859ರಲ್ಲಿ ಸೆನೆಟ್ ಹೌದು ಎಂದಿತು. 1860ರಲ್ಲಿ ಸರ್ಕಾರದ ಇಲಾಖೆಯೇ ಲೆಕ್ಕ ಹಾಕಿತು. ಮಾರಿದ ಭೂಮಿಯಿಂದ ಬಂದದ್ದು ಮತ್ತು ಮಾರದೆ ಉಳಿದದ್ದರ ಬೆಲೆ ಸೇರಿ ಸುಮಾರು 80 ಲಕ್ಷ 78 ಸಾವಿರ ಡಾಲರ್. ಕಳೆಯಬೇಕಾದದ್ದು ಸುಮಾರು 50 ಲಕ್ಷ 97 ಸಾವಿರ. ಈ ಕಳೆಯುವ ಪಟ್ಟಿಯಲ್ಲಿ ಎಕರೆಗೆ 10 ಸೆಂಟ್‌ನಂತೆ ಸರ್ವೆ ಖರ್ಚೂ ಇತ್ತು. ಅಂದರೆ ತಮ್ಮ ನೆಲವನ್ನು ಬೇರೆಯವರಿಗೆ ಮಾರಲು ಅಳೆದ ಕೂಲಿಯನ್ನೂ ಚಾಕ್ಟಾ ಜನರೇ ಕೊಟ್ಟರು. ಅಷ್ಟೆಲ್ಲ ಕಳೆದ ಮೇಲೂ ಉಳಿದದ್ದು 29,81,247 ಡಾಲರ್ 30 ಸೆಂಟ್. ಸೆಂಟ್‌ವರೆಗೆ ಬರೆದಿದ್ದಾರೆ ನೋಡಿ. ಲೆಕ್ಕ ಗೊತ್ತಿತ್ತು. ಕೊಡುವ ಮನಸ್ಸು ಇರಲಿಲ್ಲ.

1861ರ ಮಾರ್ಚ್‌ನಲ್ಲಿ 5 ಲಕ್ಷ ಮಂಜೂರಾಯಿತು, ಅರ್ಧ ನಗದು, ಅರ್ಧ ಬಾಂಡ್. ನಗದು ಎರಡೂವರೆ ಲಕ್ಷ ಬಂತು. ಬಾಂಡ್ ಬರುವ ಮೊದಲೇ ಅಂತರ್ಯುದ್ಧ ಶುರುವಾಯಿತು. ಬಂದ ನಗದಿನ ಕಥೆಯೂ ಚೆನ್ನಾಗಿಲ್ಲ. ಆಗ ಚಾಕ್ಟಾ ನೆಲದಲ್ಲಿ ಬರಗಾಲ. ಅದರಲ್ಲಿ ದೊಡ್ಡ ಪಾಲು ಮೆಕ್ಕೆಜೋಳ ಕೊಳ್ಳಲು ಎಂದು ತೆಗೆದಿಟ್ಟದ್ದು. ಜೋಳ ಎಷ್ಟು ಬಂತು, ಹಣ ಯಾರ ಕೈಗೆ ಹೋಯಿತು ಎಂಬ ಜಗಳ ವರ್ಷಗಟ್ಟಲೆ ನಡೆಯಿತು, ಪಿಚ್ಲಿನ್ ಹೆಸರೂ ಅದರಲ್ಲಿ ಸಿಕ್ಕಿಕೊಂಡಿತು. ಅಷ್ಟೇ ಅಲ್ಲ, ಕೇಸು ಗೆದ್ದರೆ ಪ್ರತಿನಿಧಿಗಳಿಗೆ ಶೇ 20, ವಕೀಲರಿಗೆ ಅದಕ್ಕಿಂತ ಜಾಸ್ತಿ ಎಂದು ಮಾತಾಗಿತ್ತು. ಹಾಗಾಗಿ ಆತ ತನ್ನ ಜನಕ್ಕಾಗಿ ಮಾತ್ರ ಹೋರಾಡಿದ ಎಂದು ನಾನು ಬರೆಯುವುದಿಲ್ಲ. ತನಗಾಗಿಯೂ ಹೋರಾಡಿದ. ಎಸೆದ ಕಡ್ಡಿಗಳ ಮನೆಯವರಿಗೆ ಸೇರಬೇಕಾದ ಹಣದಲ್ಲಿ ಐದರಲ್ಲಿ ಒಂದು ಪಾಲು ಪ್ರತಿನಿಧಿಗಳಿಗೆ ಎಂದರೆ ಅದು ಸಣ್ಣ ಮಾತಲ್ಲ.

ಅಂತರ್ಯುದ್ಧದಲ್ಲಿ ನಾವು ಯಾರ ಕಡೆಯೂ ಬೇಡ ಎನ್ನುವುದು ಮೊದಲಿಗೆ ಪಿಚ್ಲಿನ್‌ನ ನಿಲುವಾಗಿತ್ತು. ನಡೆಯಲಿಲ್ಲ. 1861ರ ಜುಲೈ 12ರಂದು ಚಾಕ್ಟಾ ರಾಷ್ಟ್ರ, ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದಿಂದ ಬೇರೆಯಾಗಿದ್ದ ದಕ್ಷಿಣದ ಕಾನ್ಫೆಡರೇಟ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಸುತ್ತ ದಕ್ಷಿಣದ ರಾಜ್ಯಗಳು, ಸರ್ಕಾರದ ಏಜೆಂಟ್ ದಕ್ಷಿಣದವನು, ಸಿರಿವಂತ ಮನೆಗಳಲ್ಲಿ ಗುಲಾಮರು, ಹಾಗಾಗಿ ಆಶ್ಚರ್ಯವೇನಿಲ್ಲ. 1864ರಲ್ಲಿ, ಸೋಲು ಕಾಣುತ್ತಿದ್ದಾಗ, ಪಿಚ್ಲಿನ್ ಮುಖ್ಯಸ್ಥನಾದ. ಅವನ ಪಾಲಿಗೆ ಬಂದದ್ದು ಶರಣಾಗುವ ಕೆಲಸ. 1865ರ ಜೂನ್ 19ರಂದು ಚಾಕ್ಟಾ ರಾಷ್ಟ್ರ ಶರಣಾಯಿತು. ಅದೇ ದಿನ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮರಿಗೆ ನೀವು ಸ್ವತಂತ್ರರು ಎಂಬ ಆದೇಶ ಓದಿದರು. ಇವತ್ತಿಗೂ ಅಮೆರಿಕದಲ್ಲಿ ಆ ದಿನದ ಹಬ್ಬ ಇದೆ. ಚಾಕ್ಟಾ ನೆಲದ ಗುಲಾಮರು ಮಾತ್ರ 1866ರ ಒಪ್ಪಂದದವರೆಗೆ ಕಾಯಬೇಕಾಯಿತು. ಅವರನ್ನು ಪ್ರಜೆಗಳಾಗಿ ಸೇರಿಸಿಕೊಳ್ಳಲು ಚಾಕ್ಟಾ ಕೌನ್ಸಿಲ್ 1883ರವರೆಗೆ ಎಳೆಯಿತು. ಅವರ ಮೊಮ್ಮಕ್ಕಳ ಮಕ್ಕಳು ಇವತ್ತಿಗೂ ಸದಸ್ಯತ್ವ ಕೇಳುತ್ತಲೇ ಇದ್ದಾರೆ. 1983ರ ಸಂವಿಧಾನ ರಕ್ತಸಂಬಂಧ ಇರುವವರಿಗೆ ಮಾತ್ರ ಎಂದಿತು. 2021ರಲ್ಲಿ ಚಾಕ್ಟಾ ಮುಖ್ಯಸ್ಥರು ಈ ವಿಷಯ ಮತ್ತೆ ಪರಿಶೀಲಿಸುತ್ತೇವೆ ಎಂದರು. ನೀವು ಕೇಳಿದ ಪ್ರಶ್ನೆಯ ಎರಡನೇ ಅರ್ಧ ಬರೀ ಹಳೆಯ ಕಥೆಯಲ್ಲ.

1866ರ ನಂತರ ಪಿಚ್ಲಿನ್ ಹೆಚ್ಚುಕಡಿಮೆ ವಾಷಿಂಗ್ಟನ್‌ನವನೇ ಆಗಿಬಿಟ್ಟ. ಮೊದಲ ಹೆಂಡತಿ ರೋಡಾ 1844ರಲ್ಲೇ ತೀರಿಕೊಂಡಿದ್ದಳು. 1869ರಲ್ಲಿ ಅಲ್ಲೇ ಕ್ಯಾರೊಲಿನ್ ಎಂಬ ವಿಧವೆಯನ್ನು ಮದುವೆಯಾದ. ಊರು ಪಟ್ಟಣ ಸಾಕು ಎಂದು ಡಿಕನ್ಸ್ ಹತ್ತಿರ ಹೇಳಿದ್ದವನು ಕೊನೆಯವರೆಗೂ ಪಟ್ಟಣದಲ್ಲೇ ಉಳಿದ. ಪ್ರತಿ ಅಧಿವೇಶನಕ್ಕೂ ಅರ್ಜಿ, ಸಮಿತಿ, ಮುಂದೂಡಿಕೆ. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ ಸದಸ್ಯರು ಬದಲಾಗುತ್ತಿದ್ದರು, ಇವನು ಮತ್ತೆ ಮೊದಲಿನಿಂದ ವಿವರಿಸುತ್ತಿದ್ದ. ಇದರ ನಡುವೆ ಇನ್ನೊಂದು ಕೆಲಸವನ್ನೂ ಮಾಡಿದ. ಇಂಡಿಯನ್ನರ ನೆಲವನ್ನು ಅಮೆರಿಕದ ಒಂದು ಪ್ರಾಂತ್ಯವಾಗಿ ಮಾಡುವ, ಭೂಮಿಯನ್ನು ತುಂಡು ಮಾಡಿ ಹಂಚುವ ಮಸೂದೆಗಳು ಬಂದಾಗಲೆಲ್ಲ ಎದುರು ನಿಂತು ವಾದಿಸಿದ. ಅವನು ಬದುಕಿರುವವರೆಗೆ ಅವು ಪಾಸಾಗಲಿಲ್ಲ. ಅವನೊಬ್ಬನಿಂದಲೇ ತಡೆದು ನಿಂತವು ಎಂದು ಅಲ್ಲ, ಬೇರೆ ರಾಷ್ಟ್ರಗಳ ಪ್ರತಿನಿಧಿಗಳೂ ಇದ್ದರು, ಆದರೆ ಅವನಷ್ಟು ಹಳಬರು ಕಡಿಮೆ. 1898ರ ಕಾಯ್ದೆ ಬಂದು ಭೂಮಿ ತುಂಡಾಯಿತು, 1907ರಲ್ಲಿ ಒಕ್ಲಹೋಮಾ ರಾಜ್ಯವಾಯಿತು. ಒಕ್ಲಹೋಮಾ ಎನ್ನುವುದು ಕೂಡ ಚಾಕ್ಟಾ ಮಾತೇ, ಕೆಂಪು ಜನ ಎಂದರ್ಥ. ಅದನ್ನು 1866ರಲ್ಲಿ ಸೂಚಿಸಿದವನು ಪಿಚ್ಲಿನ್‌ನ ನಂತರ ಮುಖ್ಯಸ್ಥನಾದ ಆಲೆನ್ ರೈಟ್. ಆ ಆಲೆನ್ ರೈಟ್ ಜೊತೆಗೂ ಹಣದ ವಿಷಯಕ್ಕೆ ಪಿಚ್ಲಿನ್‌ಗೆ ಆಗಿಬರಲಿಲ್ಲ.

1881ರ ಜನವರಿ 17ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡ. 75 ತುಂಬಲು ಎರಡು ವಾರ ಉಳಿದಿತ್ತು. ಮಾರ್ಚ್ 3ಕ್ಕೆ, ಅಂದರೆ ಒಂದೂವರೆ ತಿಂಗಳಿಗೆ, ಚಾಕ್ಟಾ ಕೇಸನ್ನು ಕೋರ್ಟ್ ಆಫ್ ಕ್ಲೇಮ್ಸ್ (ಸರ್ಕಾರದ ವಿರುದ್ಧದ ಹಣದ ದಾವೆ ಕೇಳುವ ಕೋರ್ಟು) ವಿಚಾರಿಸಬಹುದು ಎಂದು ಕಾಂಗ್ರೆಸ್ ಕಾನೂನು ಮಾಡಿತು. ಅಷ್ಟು ವರ್ಷ ಕೇಳಿದ್ದ ಬಾಗಿಲು ಅದು. ಆ ಕೋರ್ಟ್ ಮೊದಲು ಚಿಲ್ಲರೆ ಮೊತ್ತ ಕೊಟ್ಟಿತು. ಮೇಲ್ಮನವಿ ಹೋಯಿತು. 1886ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ನ್ಯಾಯಮೂರ್ತಿ ಮ್ಯಾಥ್ಯೂಸ್ ಹಿಡಿದದ್ದು ಪಿಚ್ಲಿನ್ ಬರೆಸಿದ ಆ 1855ರ ಸಾಲನ್ನೇ, 1859ರ ಸೆನೆಟ್ ತೀರ್ಮಾನವನ್ನೇ. 29,81,247 ಡಾಲರ್‌ನಲ್ಲಿ ಮೊದಲೇ ಕೊಟ್ಟ ಎರಡೂವರೆ ಲಕ್ಷ ಕಳೆದು, ಬೇರೆ ಸಣ್ಣ ಬಾಕಿ ಸೇರಿಸಿ, ಒಟ್ಟು 28,58,798 ಡಾಲರ್ 62 ಸೆಂಟ್ ಕೊಡಿ ಎಂದಿತು. ದುಡ್ಡು ಮಂಜೂರಾದದ್ದು 1888ರಲ್ಲಿ. ವಕೀಲರು, ಪ್ರತಿನಿಧಿಗಳ ವಾರಸುದಾರರು ತಮ್ಮ ಪಾಲಿಗೆ ಬಂದರು, ಅವರವರಲ್ಲೇ ಜಗಳ ಕೋರ್ಟಿಗೂ ಹೋಯಿತು. 1831ರಲ್ಲಿ ಕಡ್ಡಿ ಹಿಡಿದು ನಿಂತಿದ್ದವರಲ್ಲಿ ಬದುಕಿದ್ದವರು ಬೆರಳೆಣಿಕೆಯಷ್ಟು.

ಇಷ್ಟು ಹೇಳಿದ ಮೇಲೆ ನಿಮ್ಮ ಮೂಲ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಅವನ ಗುಲಾಮಗಿರಿಯನ್ನು ನಾನು ಕ್ಷಮಿಸುವುದಿಲ್ಲ, ಅವನ ಹಣದಾಸೆಯನ್ನು ಮುಚ್ಚುವುದಿಲ್ಲ. ಆದರೆ ಸರ್ಕಾರದ ಸ್ವಂತ ಕಾಗದ, ಸ್ವಂತ ಅಂಕಿ, ಸ್ವಂತ ಸೆನೆಟ್ಟನ್ನೇ ಸಾಕ್ಷಿ ಮಾಡಿ ಒಂದು ಸಣ್ಣ ರಾಷ್ಟ್ರ ದೊಡ್ಡ ರಾಷ್ಟ್ರವನ್ನು ಕೋರ್ಟಿನಲ್ಲಿ ಸೋಲಿಸಬಹುದು ಎಂದು ಆ ಕಾಲದಲ್ಲೇ ಲೆಕ್ಕ ಹಾಕಿದ್ದನಲ್ಲ, ಅದಕ್ಕೆ ಅವನನ್ನು ನಾನು ದೊಡ್ಡ ರಾಜಕಾರಣಿ ಎನ್ನುತ್ತೇನೆ.

ನೋಡಲು ಏನಾದರೂ ಉಳಿದಿದೆಯಾ ಎಂದರೆ, ಉಳಿದಿದೆ. ಕ್ಯಾಟ್ಲಿನ್ ಬರೆದ ಚಿತ್ರ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅವನ ಕಾಗದ ಪತ್ರಗಳ ದೊಡ್ಡ ರಾಶಿ ಒಕ್ಲಹೋಮಾದ ಟಲ್ಸಾ ನಗರದ ಗಿಲ್‌ಕ್ರೀಸ್ ಮ್ಯೂಸಿಯಂನಲ್ಲಿದೆ. ನಿಮ್ಮ ಮಕ್ಕಳೋ ನೆಂಟರೋ ವಾಷಿಂಗ್ಟನ್ ಕಡೆ ಇದ್ದರೆ ಕಾಂಗ್ರೆಷನಲ್ ಸಿಮೆಟ್ರಿಗೆ ಹೋಗಲು ಹೇಳಿ. ಅಲ್ಲಿ ಅವನ ಸಮಾಧಿ ಇದೆ. ಅದೇ ಸ್ಮಶಾನದಲ್ಲಿ ಪುಷ್ಮತಾಹ ಎಂಬ ಹಿರಿಯ ಚಾಕ್ಟಾ ಮುಖಂಡನ ಸಮಾಧಿಯೂ ಇದೆ. ಆತ ಜಾಕ್ಸನ್ ಪಕ್ಕದಲ್ಲಿ ಯುದ್ಧ ಮಾಡಿದವನು, 1820ರಲ್ಲಿ ಅದೇ ಜಾಕ್ಸನ್ ಎದುರು ಭೂಮಿಗಾಗಿ ವಾದ ಮಾಡಿದವನು. ಭೂಮಿಯ ಮಾತುಕತೆಗೆಂದೇ ವಾಷಿಂಗ್ಟನ್‌ಗೆ ಬಂದು 1824ರ ಡಿಸೆಂಬರ್ 24ರಂದು ಅಲ್ಲೇ ತೀರಿಕೊಂಡ. ಇಬ್ಬರೂ ಹೋಗಿದ್ದು ಒಂದೇ ಕೆಲಸಕ್ಕೆ, ತೀರಿಕೊಂಡದ್ದು 56 ವರ್ಷದ ಅಂತರದಲ್ಲಿ. ಇಬ್ಬರೂ ಊರಿಗೆ ವಾಪಸ್ ಬರಲಿಲ್ಲ.